ತಂಡದ ಕೊನೆಯ ಮಾಸ್ಟರ್

ಹಲಸೂರಿನ ನಮ್ಮ ಗಲ್ಲಿಯ ಫುಟ್‌ಬಾಲ್ ತಂಡಕ್ಕೆ ಅವರು ಕೋಚ್. ನಾವು ಮಾಸ್ಟರ್ ಅನ್ನುತ್ತಿದ್ದೆವು. ಅವರ ಅಪ್ಪನೂ ಇದೇ ತಂಡದ ಗೋಲ್‌ಕೀಪರ್ ಆಗಿದ್ದರಂತೆ. ನಾವು ಆಡುವಾಗ ಮಾಸ್ಟರ್ ಗೆರೆಯಾಚೆ ನಿಂತು ತಾವೂ ಗಾಳಿಗೆ ಕಾಲು ಬೀಸುತ್ತಿದ್ದರು. ಸೋತಾಗಲೆಲ್ಲ ಒಂದೇ ಮಾತು: "ಇರ್ಲಿ ಬಿಡ್ರಪ್ಪ, ಮುಂದಿನ ಮ್ಯಾಚ್ ಇದೆಯಲ್ಲ."

ಕೆಲಸ, ಮದುವೆ ಎಂದು ಆಟಗಾರರು ಬಾಣಸವಾಡಿ, ಕೆ.ಆರ್. ಪುರದ ಕಡೆ ಚದುರಿಹೋದರು. ನಗರ ಲೀಗಿನ ಕೆಳಗಿನ ಡಿವಿಜನ್‌ನಲ್ಲೂ ನಾವೇ ಕೊನೆ. ಆ ಭಾನುವಾರ ಮೈದಾನಕ್ಕೆ ಬಂದವರು ಆರೇ ಜನ. ಏಳು ಜನರಿಲ್ಲದೆ ಆಟ ಶುರುವಾಗುವಂತಿಲ್ಲ; ಆಡದಿದ್ದರೆ ತಂಡ ಲೀಗಿನಿಂದಲೇ ಹೊರಗೆ. ಮಾಸ್ಟರ್ ಚಪ್ಪಲಿ ಬಿಟ್ಟು ಪ್ಯಾಂಟ್ ಮಡಚಿದರು.

"ಸಾರ್, ನಾನೇ ನಿಂತ್ಕೋತೀನಿ," ಎಂದು ರೆಫರಿಗೆ ಕೈಮುಗಿದರು.

ರೆಫರಿ ಹಿಂದೊಮ್ಮೆ ಅವರ ಕೈಯಲ್ಲೇ ಆಟ ಕಲಿತವನು. "ನಿಮ್ ಹೆಸ್ರು ರಿಜಿಸ್ಟರ್ ಆಗಿಲ್ಲ ಮಾಸ್ಟರ್. ನಾನೇನ್ ಮಾಡ್ಲಿ?" ಎಂದು ಮುಖ ತಿರುಗಿಸಿ, ಆಟವಿಲ್ಲವೆಂದು ಸೀಟಿ ಊದಿದ.

ಎದುರಾಳಿಗಳು ನಮ್ಮ ಕೈಕುಲುಕಿ ಹೊರಟುಹೋದರು. ಮಾಸ್ಟರ್ ಬರಿಗಾಲಲ್ಲಿ ಅಲ್ಲೇ ನಿಂತಿದ್ದರು. ನಾನು ಹತ್ತಿರ ಹೋಗಿ, "ಜೆರ್ಸಿ ಒಗ್ದು ತಂದ್ಕೊಡ್ಲಾ ಮಾಸ್ಟರ್?" ಎಂದೆ.

"ಯಾರ್ ಹಾಕ್ಕೊಳ್ಳೋಕಪ್ಪ?" ಎಂದರು.