ಮಗ್ಗುಲು ಬದಲಿಸುವ ಕೆಲಸ

ಇಪ್ಪತ್ಮೂರನೆಯ ವಯಸ್ಸಿನವರೆಗೆ ನಾನು ರಾವೂರಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುತ್ತಿದ್ದೆ. ಒಂದು ದಿನ ದೊಡ್ಡ ಹಾಸುಗಲ್ಲು ಜಾರಿ ಬಲಗಾಲಿನ ಮೇಲೆ ಬಿತ್ತು. ಮುರಿದ ಎಲುಬು ಕೂಡಿತು, ಆದರೆ ಭಾರ ಹೊತ್ತು ನಡೆಯುವ ಬಲ ಕಾಲಿಗೆ ತಿರುಗಿ ಬರಲಿಲ್ಲ. ಆರು ತಿಂಗಳು ಮನೆಯಲ್ಲಿ ಕುಳಿತ ಮೇಲೆ, ಚಿತ್ತಾಪುರದ ಮಾಸ್ತರರೊಬ್ಬರು ತಮ್ಮ ತಂದೆಯನ್ನು ನೋಡಿಕೊಳ್ಳಲು ಆಳು ಹುಡುಕುತ್ತಿದ್ದಾರೆಂದು ತಿಳಿದು ಅವರ ಮನೆಗೆ ಹೋದೆ.

ತಂದೆ ನಿಜಾಮರ ಕಾಲದಲ್ಲಿ ಕಚೇರಿಯ ಕಾಗದಪತ್ರ ನೋಡಿಕೊಳ್ಳುವ ಪೇಶ್ಕಾರರಾಗಿದ್ದವರು. ಲಕ್ವಾ ಹೊಡೆದು ಅವರ ಬಲಮೈ ಬಿದ್ದುಹೋಗಿತ್ತು. ಸೊಸೆ ಹೊತ್ತುಹೊತ್ತಿಗೆ ಗಂಜಿ ಕಾಯಿಸಿ ಕೊಡುತ್ತಿದ್ದರು. ಆದರೆ ಮಾವನ ಮೈ ತೊಳೆಯಲು ಅವರಿಗೆ ಸಂಕೋಚ, ತೊಳೆಸಿಕೊಳ್ಳಲು ಮುದುಕರಿಗೂ ಸಂಕೋಚ. ಮಾಸ್ತರರು ಹಗಲೆಲ್ಲ ಶಾಲೆಯಲ್ಲಿರುತ್ತಿದ್ದರು.

"ಅಪ್ಪಾರ ಬಾಯಾಗ ಕನ್ನಡ ಬರಾಂಗಿಲ್ಲ ಈಗ. ಕಚೇರಿದಾಗಿನ ಉರ್ದು ಒಂದೇ ಉಳದದ, ಅದೂ ತುಂಡು ತುಂಡು. ನಿನಗ ತಿಳೀತದೇನು?" ಎಂದು ಮಾಸ್ತರರು ಕೇಳಿದರು.

"ಖಣಿಯಾಗ ನನ್ನ ಜೋಡಿ ಇದ್ದವರು ಅದೇ ಮಾತಾಡ್ತಿದ್ರು, ಮಾಸ್ತರ. ತಿಳೀತದ್ರಿ."

"ಹಂಗಿದ್ರ ನಾಳಿಂದ ಬಾ."

ಕಲ್ಲು ಎತ್ತುವವನಿಗೆ ಒಬ್ಬ ಬಡಕಲು ಮುದುಕನನ್ನು ಎತ್ತುವುದು ಏನು ಮಹಾ ಎಂದುಕೊಂಡಿದ್ದೆ. ಎರಡನೆಯ ವಾರದಲ್ಲೇ ಅವರ ಸೊಂಟದ ಮೇಲೆ ಹುಣ್ಣು ಕಾಣಿಸಿತು. ದವಾಖಾನೆಯ ಕಂಪೌಂಡರ್ ಬಂದು ನೋಡಿದವನೇ, "ಎಳದಾಡಬ್ಯಾಡೋ ಮಾರಾಯ, ಇದು ಕಲ್ಲಲ್ಲ. ಕೈ ಕೆಳಗ ಹಾಕಿ ಎತ್ತು. ಎರಡೆರಡು ತಾಸಿಗಿ ಮಗ್ಗುಲು ಬದಲಿಸು" ಎಂದ. ಕೌದಿಯನ್ನು ಸುಕ್ಕಿಲ್ಲದಂತೆ ಹಾಸುವುದನ್ನೂ ಅವನೇ ತೋರಿಸಿದ. ಹುಣ್ಣು ಮಾಯಲು ತಿಂಗಳಾಯಿತು. ಆ ತಿಂಗಳೆಲ್ಲ ಅದನ್ನು ತೊಳೆಯುವಾಗ ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೂ ಮುಂದಿತ್ತು. ಒಂದು ಮಧ್ಯಾಹ್ನ ಪೇಶ್ಕಾರರ ಹಳೆಯ ಪರಿಚಯದವರೊಬ್ಬರು ನೋಡಲು ಬಂದರು. "ಹ್ಯಾಂಗ ಅದಾರಪ್ಪ?" ಎಂದು ನನ್ನನ್ನು ಕೇಳಿದರು. ನಾನು ಗಂಜಿಯ ಚಮಚ ಹಿಡಿದುಕೊಂಡೇ, "ಅವರಿಗಿ ಏನೂ ತಿಳಿಯಂಗಿಲ್ರಿ. ಸಣ್ಣ ಕೂಸಿನಂಗ ಆಗ್ಯಾರ" ಅಂದೆ.

ಪೇಶ್ಕಾರರು ಬಾಯಿ ಮುಚ್ಚಿದರು. ಸಂಜೆಯೂ ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ಸೊಸೆ ಚಹಾ ಕೊಟ್ಟಾಗ ಎಡಗೈಯಿಂದ ಬಟ್ಟಲು ಹಿಡಿದು ಕುಡಿದರು. ನಾನು ಚಮಚ ತಂದರೆ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಬಟ್ಟಲು ಕೆಳಗಿಟ್ಟು ಮಂಚದ ಪಕ್ಕದಲ್ಲಿ ಕುಳಿತು, ಸಿಟ್ಟಾಗಿದ್ದೀರಾ ಎಂದು ನನಗೆ ಬರುವ ಉರ್ದುವಿನಲ್ಲಿ ಕೇಳಿದೆ: "ನಾರಾಜ್ ಹೈ ಕ್ಯಾ, ಸಾಬ್?"

ಅವರು ಬಹಳ ಹೊತ್ತು ತುಟಿ ಅಲ್ಲಾಡಿಸಿದರು. ಒಂದೊಂದು ಮಾತನ್ನೂ ಎಳೆದು ತರುವಂತೆ, "ಮೈಂ... ಹೂಂ... ಯಹಾಂ" ಎಂದರು. ನಾನು ಇಲ್ಲೇ ಇದ್ದೇನೆ ಎಂದು.

ಅವರಿಗೆ ಕನ್ನಡ ಆಡಲು ಬರುತ್ತಿರಲಿಲ್ಲವೇ ಹೊರತು ಕೇಳಿದ್ದೆಲ್ಲ ತಿಳಿಯುತ್ತಿತ್ತು. ನಾನು ಅವರ ಪಾದ ಮುಟ್ಟಿ, "ತಪ್ಪಾಯ್ತ್ರಿ ಸಾಹೇಬ್ರ" ಅಂದೆ. ಅಂದಿನಿಂದ ಹೇಳದೆ ಕೇಳದೆ ಅವರ ಮೈ ಮುಟ್ಟಲಿಲ್ಲ. "ಈಗ ಎಡಕ್ಕ ಹೊಳ್ಳಸ್ತೀನ್ರಿ", "ನೀರು ಬಿಸಿ ಸಾಕೇನ್ರಿ?" ಎನ್ನುತ್ತಿದ್ದೆ. ಅವರು "ಬಸ್" ಎಂದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ.

ಮೂರು ವರ್ಷದ ನಂತರ ಅವರು ತೀರಿಕೊಂಡರು. ಅಷ್ಟರಲ್ಲಿ ಮಾಸ್ತರರು ನನ್ನನ್ನು ಸಂಜೆ ಕೂರಿಸಿಕೊಂಡು ಓದಿಸಿ, ಏಳನೆಯ ಇಯತ್ತೆಯ ಪರೀಕ್ಷೆಗೆ ಕಟ್ಟಿಸಿ ಪಾಸು ಮಾಡಿಸಿದ್ದರು. ಶಹಾಬಾದದಲ್ಲಿ ನಿರಾಶ್ರಿತ ವೃದ್ಧರ ಮನೆಯೊಂದಕ್ಕೆ ಆಳು ಬೇಕೆಂದಾಗ ಅವರೇ ಕರೆದುಕೊಂಡು ಹೋದರು. ಅಲ್ಲಿನ ಸಾಹೇಬರು ನನ್ನ ತೋಳು ನೋಡಿ, "ಖಣಿಯಾಗ ದುಡದಾಂವ ಈ ಕೆಲಸ ಮಾಡ್ತೀಯಾ?" ಎಂದರು. "ಮಾಡಾಕತ್ತಿ ಮೂರು ವರ್ಷ ಆಯ್ತ್ರಿ" ಎಂದೆ.

ಆ ಕೆಲಸದ ಕಾರಣಕ್ಕೇ ಆಡಕಿ ಊರಿನಲ್ಲಿ ನನಗೆ ನೋಡಿದ ಹೆಣ್ಣು ತಪ್ಪಿತು. ಮುದುಕರ ಮೈ ತೊಳೆಯುವವನಿಗೆ ಮಗಳನ್ನು ಕೊಡುವುದಿಲ್ಲವೆಂದು ಆಕೆಯ ತಂದೆ ನೇರವಾಗಿಯೇ ಹೇಳಿದರು. ನೋವಾಯಿತು. ಆದರೂ ಮರುದಿನ ಕೆಲಸಕ್ಕೆ ಹೋದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಒಂದು ತರಬೇತಿ ಮುಗಿಸಿ ಅದೇ ಮನೆಯ ಮೇಲ್ವಿಚಾರಕನಾದೆ. ಮದುವೆಯೂ ಆಗಿತ್ತು.

ಆಗ ನಮ್ಮಲ್ಲಿ ಐನಾಪುರದ ಒಬ್ಬ ಮುತ್ಯಾ ಇದ್ದ. ಕಣ್ಣು ಮಬ್ಬು. ದಿನಾ ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು, "ಊರಿಗಿ ಹೋಗ್ತೀನಿ" ಎನ್ನುತ್ತಿದ್ದ. ಊರಿನಲ್ಲಿ ಅವನಿಗೆ ಮನೆಯಿರಲಿಲ್ಲ, ಮಕ್ಕಳೂ ಇರಲಿಲ್ಲ. ಬಾಗಿಲಿಗೆ ಕೀಲಿ ಹಾಕೋಣವೆಂದು ಕೆಲಸದವರು ಕೇಳಿದರು. ನಾನು ಬೇಡವೆಂದು ಒಂದು ಸೋಮವಾರ ಅವನ ಜೊತೆ ಬಸ್ ಹತ್ತಿದೆ.

ಐನಾಪುರದಲ್ಲಿ ಅವನು ಬೇವಿನ ಕಟ್ಟೆಯ ಮೇಲೆ ಕುಳಿತು, ದನಿ ಕೇಳಿಯೇ ಜನರನ್ನು ಗುರುತಿಸಿದ. ಮಧ್ಯಾಹ್ನ ತಾನೇ, "ನಡಿ, ಹೋಗಮು" ಎಂದ. ಮುಗಿಯಿತು ಎಂದುಕೊಂಡೆ, ಮರುದಿನ ಗಂಟು ಮತ್ತೆ ಬಾಗಿಲಲ್ಲಿತ್ತು. ಆ ವರ್ಷ ಇನ್ನೆರಡು ಸಲ ಕರೆದುಕೊಂಡು ಹೋದೆ. ಹೊಣೆ ಯಾರದೆಂದು ಮೇಲಿನವರು ಕೇಳಿದಾಗ ನನ್ನದೇ ಎಂದು ಬರೆದುಕೊಟ್ಟೆ.

ಮೂರನೆಯ ಸಲ ಅವನ ತಂಗಿಯ ಸೊಸೆ ಕಟ್ಟೆಯ ಹತ್ತಿರ ಬಂದು ನಿಂತಳು. "ಯಾಕ ಹೊಳ್ಳಿ ಒಯ್ಯಾಕತ್ತೀರಿ? ಇಲ್ಲೇ ಇರ್ಲಿ ಬಿಡ್ರಿ. ನಾವು ತಿನ್ನೋದೇ ತಿಂತಾನ."

ನಾನು ಮುತ್ಯಾನನ್ನು ಕೇಳಿದೆ. ಅವನು ಗಂಟನ್ನು ಅವಳ ಕಡೆಗೆ ಸರಿಸಿದ.

ಅವಳ ಮನೆ ನೋಡಿದೆ, ಅವನು ಮಲಗುವ ಜಾಗ ನೋಡಿದೆ, ಬಚ್ಚಲಿಗೆ ಹೋಗುವ ದಾರಿಯಲ್ಲಿದ್ದ ಒರಳು ಕಲ್ಲನ್ನು ಬದಿಗೆ ಸರಿಸಿದೆ. ಬಸ್ಸಿನಲ್ಲಿ ಒಬ್ಬನೇ ಮರಳುವಾಗ ಸಂತೋಷಕ್ಕಿಂತ ಕಳವಳವೇ ಹೆಚ್ಚಾಗಿತ್ತು. ಕಣ್ಣಿನ ಔಷಧಿಯನ್ನು ಹೇಗೆ ಹಾಕಬೇಕೆಂದು ಅವಳಿಗೆ ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಅನುಮಾನ. ಚಿಂಚೋಳಿಯಲ್ಲಿ ಇಳಿದು, ಒಂದು ಅಂಚೆ ಕಾರ್ಡು ಕೊಂಡು, ಬಸ್ ನಿಲ್ದಾಣದ ಕಟ್ಟೆಯ ಮೇಲೆಯೇ ಕುಳಿತು ಬರೆದೆ: ಮುಂಜಾನೆ ಎರಡು ಹನಿ, ಸಂಜೆ ಎರಡು ಹನಿ, ಹಾಕುವ ಮೊದಲು ಕೈ ತೊಳೆದುಕೊಳ್ಳಬೇಕು.