ತಮ್ಮನ ಮಿಂಚಿನ ರೆಕ್ಕೆ

ವರ್ಷಕ್ಕೂ ಮೇಲೆ ನಾನೂ ನನ್ನ ತಮ್ಮನೂ ಭೇಟಿಯಾಗುತ್ತಿದ್ದದ್ದು ಒಂದು ಆನ್‌ಲೈನ್ ಆಟದಲ್ಲಿ ಮಾತ್ರ. ನಾನು ಭಾಂಡುಪ್‌ನಲ್ಲಿ, ಅವನು ಬೊರಿವಲಿಯಲ್ಲಿ. ಅಂಥ ದೂರವೇನಲ್ಲ. ಆದರೆ ಲೋಕಲ್ ರೈಲಿನಲ್ಲಿ ನನ್ನದು ಸೆಂಟ್ರಲ್ ಲೈನು, ಅವನದು ವೆಸ್ಟರ್ನ್. ದಾದರ್‌ನಲ್ಲಿ ಇಳಿದು ಹತ್ತಬೇಕು, ಭಾನುವಾರ ಬಂತೆಂದರೆ ಮೆಗಾಬ್ಲಾಕು, ಹಳಿ ದುರಸ್ತಿಗೆಂದು ರೈಲೇ ಇರುವುದಿಲ್ಲ. ಇವೆಲ್ಲ ನಾನು ಹೇಳಿಕೊಳ್ಳುತ್ತಿದ್ದ ಕಾರಣಗಳು. ಅಮ್ಮ ತೀರಿಕೊಂಡ ವಾರ ನಾನು ಅವನಿಗೆ, "ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀನು ಎಲ್ಲಿದ್ದೆ?" ಎಂದು ಕೇಳಿದ್ದೆ. ಅವನು ಉತ್ತರ ಕೊಡದೆ ಬ್ಯಾಗು ಹೆಗಲಿಗೇರಿಸಿಕೊಂಡು ಹೋಗಿದ್ದ. ಆಮೇಲೆ ಫೋನು ಹಬ್ಬಕ್ಕೊಂದು. ಅವನು ಬೊರಿವಲಿಗೆ ಹೋಗಿ ಮಾಡಿಕೊಂಡ ಹೊಸ ಮನೆಯನ್ನು ನಾನು ನೋಡಿಯೇ ಇರಲಿಲ್ಲ.

ಹೀಗಿರುವಾಗ ಒಂದು ದಿನ ಅವನ ಮೆಸೇಜು ಬಂತು. "ಅಕ್ಕ, ನಮ್ಮ ಗುಂಪಿನಲ್ಲಿ ಒಬ್ಬರು ಕಡಿಮೆ. ಆಟ ಕಲಿತೀಯಾ?" ಕ್ಷಮೆ ಕೇಳುವ ಅವನ ರೀತಿ ಅದು ಎಂದುಕೊಂಡೆ. ನನ್ನ ಗಂಡ ಹೋಟೆಲಿನಲ್ಲಿ ಕ್ಯಾಪ್ಟನ್. ಭಾನುವಾರ ಅವರಿಗೆ ಪುರಸೊತ್ತಿಲ್ಲದ ದಿನ. ನಾನು ಕೆಲಸ ಮಾಡುವ ಘಾಟ್ಕೋಪರ್‌ನ ಕನ್ನಡಕದ ಅಂಗಡಿಗೆ ಅಂದೇ ರಜೆ. ಮನೆಯಲ್ಲಿ ಒಬ್ಬಳೇ. ಕಲಿತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಎಂಟು ಜನ ಎಂಟು ಮನೆಗಳಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ಒಟ್ಟಿಗೆ ಒಂದು ದೊಡ್ಡ ರಾಕ್ಷಸನ ಮೇಲೆ ಬೀಳುತ್ತೇವೆ. ಒಬ್ಬರು ಗುರಾಣಿ ಹಿಡಿದು ಮುಂದೆ ನಿಂತು ಏಟು ತಿನ್ನುತ್ತಾರೆ, ಕೆಲವರು ಹೊಡೆಯುತ್ತಾರೆ. ನಾನು ಹಿಂದೆ ನಿಂತು ಗಾಯ ಮಾಯಿಸುವವಳು. ರಾಕ್ಷಸ ಹೊಡೆಯುವ ಮೊದಲು ನೆಲದ ಮೇಲೆ ಒಂದು ಕೆಂಪು ವೃತ್ತ ಮೂಡುತ್ತದೆ. ಅದನ್ನು ಕಂಡು ಸರಿಯಬೇಕು. ಕಾಣದವರು ಸಾಯುತ್ತಾರೆ.

ಗೆದ್ದಷ್ಟೂ ಹೊಸ ಉಡುಪು, ಹೊಸ ಆಯುಧ. ಕೆಲವಕ್ಕೆ ಬೆಂಕಿ, ಕೆಲವಕ್ಕೆ ಹೊಗೆ. ಮೂರು ತಿಂಗಳು ಹಟ ಹಿಡಿದು ಆಡಿ ನನ್ನ ತಮ್ಮ ಒಂದು ಜೊತೆ ರೆಕ್ಕೆ ಗೆದ್ದ. ಅವನು ಕತ್ತಿ ಬೀಸಿದಾಗಲೆಲ್ಲ ಆ ರೆಕ್ಕೆಗಳು ಬಿಚ್ಚಿಕೊಂಡು, ಬಿಳಿ ಮಿಂಚು ಪಟಪಟ ಹೊಡೆದು, ಅರ್ಧ ಪರದೆ ತುಂಬುತ್ತಿತ್ತು. ಮೊದಲ ದಿನ ಎಲ್ಲರೂ ಹೊಗಳಿದರು. ಎರಡನೇ ವಾರಕ್ಕೆ ನನಗೆ ತಲೆನೋವು ಶುರುವಾಯಿತು. ಮಿಂಚಿನಡಿಯಲ್ಲಿ ಕೆಂಪು ವೃತ್ತ ಕಾಣುತ್ತಿರಲಿಲ್ಲ. ಕಣ್ಣಿನ ನಂಬರ್ ಬದಲಾಗಿದೆಯೇನೋ ಎಂದು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿಕೊಂಡೆ. ಬದಲಾಗಿರಲಿಲ್ಲ.

"ಆ ರೆಕ್ಕೆ ತೆಗಿ ಮಾರಾಯ. ನನಗೆ ನೆಲವೇ ಕಾಣುವುದಿಲ್ಲ," ಅಂದೆ.

"ಸೆಟ್ಟಿಂಗ್‌ನಲ್ಲಿ ಬೇರೆಯವರ ಎಫೆಕ್ಟ್ ಬಂದ್ ಮಾಡು ಅಕ್ಕ. ನಾನು ಯಾಕೆ ತೆಗೀಬೇಕು? ಅಷ್ಟು ಮೆಹನತ್ ಮಾಡಿದ್ದೇನೆ."

"ನಿನ್ನ ಕಣ್ಣಿಗೆ ಏನೂ ಆಗುವುದಿಲ್ಲವಾ?"

"ನಂಗೆ ಆದತ್ ಆಗಿದೆ, ರೂಢಿ."

ನಾನು ಸೆಟ್ಟಿಂಗ್ ಹುಡುಕಿ ಮಿಂಚನ್ನು ಅರ್ಧಕ್ಕೆ ಇಳಿಸಿಕೊಂಡೆ. ನನ್ನ ತಲೆನೋವು ಹೋಯಿತು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಆ ಚಳಿಗಾಲದಲ್ಲಿ ಅವನು ಮಾತಿನ ನಡುವೆ ನಿಲ್ಲತೊಡಗಿದ. "ಅಕ್ಕ, ಎಡಗಡೆ..." ಎಂದವನು ಹತ್ತು ಹದಿನೈದು ಸೆಕೆಂಡು ಸುಮ್ಮನಿದ್ದುಬಿಡುತ್ತಿದ್ದ. ಆಮೇಲೆ, "ಸಾರಿ, ನೆಟ್ ಹೋಗಿತ್ತು," ಅನ್ನುತ್ತಿದ್ದ. ನೆಟ್ ಹೋದರೆ ಆಟದಲ್ಲಿ ಅವನ ರೂಪ ಮಾಯವಾಗಬೇಕು. ಮಾಯವಾಗುತ್ತಿರಲಿಲ್ಲ, ಕೈ ಇಳಿಬಿಟ್ಟುಕೊಂಡು ಅಲ್ಲೇ ನಿಂತಿರುತ್ತಿತ್ತು. ನಾನು ಅದನ್ನು ನೋಡಿದ್ದೆ. ಒಂದಲ್ಲ, ಮೂರು ಸಲವಾದರೂ ನೋಡಿದ್ದೆ. ಕೇಳಲಿಲ್ಲ. ಕೇಳಿದರೆ ಮತ್ತೆ ಬ್ಯಾಗು ಹೆಗಲಿಗೇರಿಸಿ ಹೋಗುತ್ತಾನೆಂಬ ಭಯ.

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿದೆವು. ಎಂಟು ವಾರಗಳಿಂದ ನಮ್ಮನ್ನು ಸೋಲಿಸುತ್ತಿದ್ದ ರಾಕ್ಷಸ. ಅವತ್ತು ಎಲ್ಲ ಸರಿಯಾಗಿ ನಡೆಯುತ್ತಿತ್ತು. ಮುಂದೆ ಗುರಾಣಿ ಹಿಡಿದು ನಿಂತವರು ನಮ್ಮ ಢಾಲ್‌ಭಾಯ್. ಅವರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮಾತಾಡುತ್ತಲೂ ಇರಲಿಲ್ಲ, ಬೇಕಾದ್ದನ್ನು ಹಿಂದಿಯಲ್ಲಿ ಟೈಪ್ ಮಾಡುತ್ತಿದ್ದರು. ಏಳಡಿ ಎತ್ತರದ ಕಪ್ಪು ಕಬ್ಬಿಣದ ಆಳು, ಮುಖ ಮುಚ್ಚಿದ ಶಿರಸ್ತ್ರಾಣ, ಮೈಮೇಲೆ ಒಂದು ಮಿನುಗೂ ಇಲ್ಲ. ಗಟ್ಟಿ ದೇಹದ, ಮೀಸೆಯ ಗಂಡಸೊಬ್ಬನನ್ನು ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದೆ.

ರಾಕ್ಷಸನ ಜೀವ ಇನ್ನು ಸ್ವಲ್ಪವೇ ಉಳಿದಿತ್ತು. ಎಲ್ಲರೂ ಒಟ್ಟಿಗೆ ಹೊಡೆಯತೊಡಗಿದರು. ತಮ್ಮನ ರೆಕ್ಕೆ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ, ಅರ್ಧಕ್ಕಿಳಿಸಿದ ನನ್ನ ಪರದೆಯ ಮೇಲೂ ಬಿಳಿ ಬೆಳಕು ನಿಲ್ಲಲಿಲ್ಲ.

"ಅಕ್ಕ, ನನ್ನ ಮೇಲೆ..." ಎಂದ ಅವನು.

ಆಮೇಲೆ ಕೇಳಿಸಿದ್ದು ಮಾತಲ್ಲ. ಗಂಟಲಿನೊಳಗಿಂದ ಗಾಳಿ ಒಮ್ಮೆಗೇ ಹೊರಟಂಥ ಉದ್ದನೆಯ ಸ್ವರ. ಕೀಬೋರ್ಡಿನ ಮೇಲೆ ಏನೋ ಬಡಿದ ಸದ್ದು. ಕುರ್ಚಿ ಬಿತ್ತು.

ಆಟದಲ್ಲಿ ಅವನ ರೂಪ ಕೆಂಪು ವೃತ್ತದ ನಡುವೆ ಕತ್ತಿ ಬೀಸುತ್ತಲೇ ಇತ್ತು. ಕೀ ಒತ್ತಿ ಸಿಕ್ಕಿಕೊಂಡಿರಬೇಕು. "ಅರೇ ಹಟ್ ನಾ ಉಧರ್ ಸೇ," ಅಲ್ಲಿಂದ ಸರಿ ಎಂದು ಗುಂಪಿನವನೊಬ್ಬ ಬೈದ. ನಾನು ತಮ್ಮನ ಹೆಸರು ಹಿಡಿದು ಕೂಗಿದೆ. ಮತ್ತೆ ಕೂಗಿದೆ. ಅವನ ಮೈಕಿನಲ್ಲಿ ಮೇಜಿನ ಕಾಲಿಗೆ ಏನೋ ಲಯವಾಗಿ ತಾಗುವ ಸದ್ದು ಬರುತ್ತಿತ್ತು. ಅದು ಅವನ ಕಾಲೋ ಕೈಯೋ ಎಂದು ತಿಳಿದೊಡನೆ ನನ್ನ ಮೊಬೈಲಿಗೆ ಕೈ ಹಾಕಿದೆ.

ಅವನ ಮೊಬೈಲಿಗೆ ಫೋನ್ ಮಾಡಿದೆ. ಆ ರಿಂಗು ನನ್ನ ಹೆಡ್‌ಫೋನಿನಲ್ಲೇ ಕೇಳಿಸಿತು, ಅವನ ಕೋಣೆಯಿಂದ. ಪೂರ್ತಿ ರಿಂಗಾಗಿ ನಿಂತಿತು. ಯಾರೂ ಎತ್ತಲಿಲ್ಲ.

"ದೇವರೇ, ನಾನೀಗ ಯಾರಿಗೆ ಹೇಳಲಿ," ಎಂದು ನನ್ನಷ್ಟಕ್ಕೇ ಅಂದದ್ದು ಎಲ್ಲರಿಗೂ ಕೇಳಿಸಿರಬೇಕು.

ಆಗ ಒಂದು ಹೆಣ್ಣುದನಿ ಬಂತು. "ಅಕ್ಕಾರ, ಗಾಬರಿ ಆಗಬ್ಯಾಡ್ರಿ. ನಾನೂ ಬೊರಿವಲಿಯಾಗ ಅದೀನಿ, ಅವನೂ ಇಲ್ಲೇ ಅಂತ ನಿಮ್ಮ ಮಾತಿನ್ಯಾಗ ಕೇಳೀನಿ. ನಿಮ್ಮ ತಮ್ಮಂದು ಯಾವ ಬಿಲ್ಡಿಂಗ್ ಹೇಳ್ರಿ."

ಪರದೆಯ ಮೂಲೆಯಲ್ಲಿ ಯಾರು ಮಾತಾಡುತ್ತಿದ್ದಾರೆಂದು ದೀಪ ಹತ್ತುತ್ತದೆ. ಹತ್ತಿದ್ದು ಢಾಲ್‌ಭಾಯ್ ಹೆಸರಿನ ಮುಂದೆ.

ಅಚ್ಚರಿಪಡಲು ಸಮಯವಿರಲಿಲ್ಲ. ಯಾವ ಬಿಲ್ಡಿಂಗ್ ಎಂದು ನನಗೆ ಗೊತ್ತಿರಲಿಲ್ಲ. ಅಮ್ಮನ ಫೋಟೋಕ್ಕೆ ಫ್ರೇಮ್ ಹಾಕಿಸಿ ಅವನಿಗೆ ಕೊರಿಯರ್ ಮಾಡಿದ್ದೆ, ನಾನೇ ಹೋಗಿ ಕೊಡದೆ. ಆಗ ಅವನು ವಿಳಾಸ ಕಳಿಸಿದ್ದ. ಫೋನಿನಲ್ಲಿ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಎಳೆಯುತ್ತ ಹೋದೆ. ಅವಸರದಲ್ಲಿ ಎರಡು ಸಲ ದಾಟಿ ಹೋದೆ. ಕೊನೆಗೆ ಸಿಕ್ಕಿತು, ಓದಿದೆ. ಢಾಲ್‌ಭಾಯ್ ತಮ್ಮದೇ ಫೋನ್ ನಂಬರ್ ಹೇಳಿ, ನನ್ನದನ್ನು ತೆಗೆದುಕೊಂಡರು.

"ಗೊತ್ತಾತ್ರಿ. ರಿಕ್ಷಾದಾಗ ಹತ್ತು ನಿಮಿಷ. ನೀವು ಆಂಬುಲೆನ್ಸ್‌ಗೆ ಫೋನ್ ಹಚ್ಚ್ರಿ. ಎದ್ದು ಹೊರಡಬ್ಯಾಡ್ರಿ ಈಗ, ಅವನ ಸಪ್ಪಳ ಕೇಳಕೋತ ಕುಂದರ್ರಿ."

ಆಂಬುಲೆನ್ಸ್‌ಗೆ ಹೇಳಿ ಮುಗಿಸಿದೆ. ಅಷ್ಟರಲ್ಲಿ ಆಟದಲ್ಲಿ ನಾವು ಸೋತು, ಎಲ್ಲರ ರೂಪಗಳೂ ಆರಂಭದ ಜಾಗದಲ್ಲಿ ಮತ್ತೆ ಎದ್ದಿದ್ದವು; ಅವನದು ಅಲ್ಲೂ ಕತ್ತಿ ಬೀಸುತ್ತಲೇ ಇತ್ತು. ಆಮೇಲಿನ ಹತ್ತು ನಿಮಿಷ ನಾನು ಮಾಡಿದ್ದು ಕೇಳುತ್ತ ಕೂತದ್ದು, ಅಷ್ಟೇ. ಮೇಜಿನ ಕಾಲಿನ ಬಡಿತ ನಿಂತಿತ್ತು. ಬಹಳ ಹೊತ್ತು ಏನೂ ಇಲ್ಲ. ನಾನು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದೆ. ನಮ್ಮ ಕೆಳಗಿನ ಮನೆಯವರ ಕುಕ್ಕರ್ ಕೂಗಿತು, ಅದು ನಿಲ್ಲುವವರೆಗೆ ನಾನು ಉಸಿರು ಬಿಗಿಹಿಡಿದೆ. ಆಮೇಲೆ ದಪ್ಪ ಗೊರಕೆಯಂಥ ಉಸಿರು ಕೇಳಿಸಿತು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು. ಗುಂಪಿನ ಉಳಿದವರು ಯಾರೂ ಆಟ ಬಿಟ್ಟು ಹೋಗಲಿಲ್ಲ.

ಬಾಗಿಲು ಬಡಿಯುವ ಸದ್ದು. ಮರಾಠಿಯಲ್ಲಿ ವಾಚ್‌ಮನ್ ಏನೋ ಹೇಳುತ್ತಿದ್ದ, ಬಿಲ್ಡಿಂಗಿನ ಸೆಕ್ರೆಟರಿಯನ್ನು ಕೇಳಬೇಕು ಎಂಬಂತೆ. ಹೆಂಗಸಿನ ದನಿ ಅವನ ಮೇಲೇರಿತು. ಕಬ್ಬಿಣದ ಏಟು ಮೂರು ನಾಲ್ಕು ಬಿತ್ತು, ಮರ ಸೀಳಿತು. ಹೆಜ್ಜೆಗಳು. ನೆಲದ ಮೇಲೆ ಮೈ ಸರಿಸುವ ಸದ್ದು. ಆಮೇಲೆ ಯಾರೋ ಮೈಕಿನ ಹತ್ತಿರ ಬಂದರು.

"ಅಕ್ಕಾರ, ಕೇಳಸ್ತದೇನ್ರಿ? ಉಸಿರಾಡಾಕತ್ತಾನ. ಮಗ್ಗಲಾ ಮಾಡಿ ಮಲಗಿಸೀನಿ. ಹಣಿಗೆ ಸ್ವಲ್ಪ ಗಾಯ ಆಗೈತಿ, ಬ್ಯಾರೇ ಏನಿಲ್ಲ."

"ಹೂಂ" ಎಂದಿರಬೇಕು.

"ಖೋಲಿ ಕತ್ತಲ ಐತ್ರಿ, ಪಡದೆ ಎಲ್ಲಾ ಹಾಕ್ಯಾನ. ಕಂಪ್ಯೂಟರ್ ಒಂದ ಸವನ ಮಿಂಚಾಕತ್ತೈತಿ. ಬಂದ್ ಮಾಡ್ಲೇನ್ರಿ?"

ಬಂದ್ ಮಾಡಿದರೆ ಅವನ ಉಸಿರಿನ ಸದ್ದೂ ಹೋಗುತ್ತಿತ್ತು.

"ಮಾಡಿ," ಅಂದೆ.

ಕಿವಿಯೊಳಗೆ ಏನೂ ಉಳಿಯಲಿಲ್ಲ. ಚಪ್ಪಲಿ ಸಿಕ್ಕಿಸಿಕೊಂಡು ಕೆಳಗಿಳಿದು ರಿಕ್ಷಾ ಹಿಡಿದೆ. ಪವಯಿ ಕೆರೆಯ ಪಕ್ಕದಲ್ಲಿ ಟ್ರಾಫಿಕ್ಕು. ಹೈವೇಯಲ್ಲಿ ಟ್ರಾಫಿಕ್ಕು. ಢಾಲ್‌ಭಾಯ್ ಫೋನು ಎರಡು ಸಲ ಬಂತು: ಆಂಬುಲೆನ್ಸ್ ಬಂದಿದೆ, ಆಸ್ಪತ್ರೆ ಮುಟ್ಟಿದ್ದೇವೆ. ಪ್ರತಿ ಸಲ ಫೋನು ನಡುಗಿದಾಗಲೂ ಅದನ್ನು ಎತ್ತಲು ನನಗೆ ಧೈರ್ಯ ಬೇಕಾಗುತ್ತಿತ್ತು.

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದವರು ನನ್ನ ಹೆಗಲಿನಷ್ಟೇ ಎತ್ತರದ, ನಲವತ್ತೈದು ದಾಟಿದ ಹೆಂಗಸು. ನೈಟಿಯ ಮೇಲೆ ದುಪಟ್ಟಾ, ಕೈಗೆ ಮರದ ಸಿಬಿರು ತಾಗಿ ಗೀರಾಗಿತ್ತು. ವಿಜಯಪುರದ ಕಡೆಯವರು, ಒಂದು ಆಫೀಸು ಕಟ್ಟಡದಲ್ಲಿ ಸ್ವಚ್ಛತಾ ಕೆಲಸದವರ ಮೇಲ್ವಿಚಾರಣೆ. "ನಮ್ಮಣ್ಣಗ ಹಿಂಗ ಬರತಿತ್ರಿ. ಸಣ್ಣಾಕಿ ಇದ್ದಾಗಿಂದ ನೋಡೀನಿ," ಎಂದರು. ನಾನು ಅವರ ಕೈ ಹಿಡಿದುಕೊಂಡೆ, ಬಿಡಲು ತೋಚಲಿಲ್ಲ.

"ಇಷ್ಟು ದಿನ ಯಾಕೆ ಮಾತಾಡಲಿಲ್ಲ ನೀವು?"

"ಹೆಣ್ಣದನಿ ಕೇಳಿದ್ರ ಮುಂದ ನಿಲ್ಲಾಕ ಬಿಡೂದಿಲ್ರಿ ಇವ್ರು. ಭಾಯ್ ಅಂದ್ರು, ಅನ್ಲಿ ಅಂತ ಬಿಟ್ಟೆ." ಮತ್ತೆ ಹೇಳಿದರು, "ನಂದು ಮಗಳ ಹಳೇ ಕಂಪ್ಯೂಟರ್. ಮಿಂಚು, ಬೆಂಕಿ ಎಲ್ಲಾ ತಗದು ಆಡ್ತೀನಿ, ಇಲ್ಲಾಂದ್ರ ನಡಿಯೂದ ಇಲ್ಲ. ಅದಕ್ಕ ನಿಮ್ಮ ತಮ್ಮನ ರೆಕ್ಕಿ ನಾ ನೋಡೇ ಇರಲಿಲ್ರಿ. ಇವತ್ತ ಅವನ ಖೋಲ್ಯಾಗ ನೋಡಿದೆ. ಕಣ್ಣಿಗೆ ಚುಚ್ಚತೈತ್ರಿ ಅದು."

ಸಂಜೆ ತಮ್ಮನನ್ನು ನೋಡಲು ಬಿಟ್ಟರು. ಹಣೆಗೆ ಪಟ್ಟಿ, ನಾಲಿಗೆ ಕಚ್ಚಿಕೊಂಡು ಮಾತು ತೊದಲು. ಡಾಕ್ಟರು ಹೇಳಿದ್ದು ಇಷ್ಟು: ಕೆಲವರ ಮಿದುಳಿಗೆ ಮಿನುಗುವ ಬೆಳಕು ಆಗಿಬರುವುದಿಲ್ಲ, ನಿದ್ದೆ ಕಡಿಮೆಯಾದರೆ ಇನ್ನೂ ಕಷ್ಟ, ಒಂದೇ ಕಾರಣ ಅಂತ ಈಗಲೇ ಹೇಳಲಾಗದು, ಪರೀಕ್ಷೆಗಳು ಆಗಬೇಕು, ಮೊದಲು ಹೀಗಾಗಿತ್ತೇ?

"ಇಲ್ಲ," ಎಂದ ತಮ್ಮ.

"ಆಗಿದೆ ಡಾಕ್ಟ್ರೇ," ಅಂದೆ ನಾನು. "ಮಾತಿನ ಮಧ್ಯೆ ನಿಲ್ಲಿಸುತ್ತಾನೆ."

ಡಾಕ್ಟರು ಹೋದ ಮೇಲೆ ಅವನು ಗೋಡೆಯ ಕಡೆ ಮುಖ ಮಾಡಿದ. "ನಿಂಗೆ ಗೊತ್ತಿತ್ತಾ?"

"ನೆಟ್ ಹೋದರೆ ನೀನು ಪರದೆಯಲ್ಲಿ ನಿಂತಿರಬಾರದಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

ಈ ಸಲ ಉತ್ತರ ಇಲ್ಲದವಳು ನಾನು. ಅವನೇ ಹೇಳಿದ. ಅವನ ಕೆಲಸ ಔಷಧಿ ಡಬ್ಬಗಳ ಲೇಬಲ್ ಡಿಸೈನು, ದಿನವಿಡೀ ಪರದೆಯ ಮುಂದೆ. ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆ ಎಂದು ಹೆದರಿದ್ದ. ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಮೊದಲ ಸಲ ಹೀಗಾಗಿತ್ತಂತೆ, ಲೋಕಲ್‌ನಲ್ಲಿ, ಅವಳನ್ನು ನೋಡಲು ಬರುವಾಗ. ಯಾರೋ ಅಂಧೇರಿಯಲ್ಲಿ ಇಳಿಸಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಲಗಿಸಿದ್ದರು. ಎದ್ದವನು ಮನೆಗೆ ವಾಪಸು ಹೋಗಿದ್ದ. ಹೆದರಿಕೆಗೆ ನಾಲ್ಕು ದಿನ ರೈಲು ಹತ್ತಲಿಲ್ಲ.

"ಆ ದಿನ ನೀನು ಕೇಳಿದೆಯಲ್ಲ, ಎಲ್ಲಿದ್ದೆ ಅಂತ," ಎಂದ. ನಾನು ಹಾಸಿಗೆಯ ಸರಳು ಹಿಡಿದು ನಿಂತುಕೊಂಡೆ.

ಆರು ವಾರ ಅವನು ಭಾಂಡುಪ್‌ನಲ್ಲಿ ನಮ್ಮ ಮನೆಯಲ್ಲಿದ್ದ. ಮಾತ್ರೆ ಹೊಂದಿಕೊಂಡಿತು. ಕೆಲಸ ಹೋಗಲಿಲ್ಲ, ಆಫೀಸಿನವರು ಅವನ ಮೇಜನ್ನು ಕಿಟಕಿಯ ಬಳಿಗೆ ಸರಿಸಿದರಂತೆ, ಅಷ್ಟೇ. ಡಾಕ್ಟರು ಒಪ್ಪಿದ ಮೇಲೆ, ಎಫೆಕ್ಟುಗಳನ್ನೆಲ್ಲ ಆರಿಸಿ, ಕೋಣೆಯ ದೀಪ ಹಾಕಿ, ದಿನಕ್ಕೆ ಅರ್ಧ ಗಂಟೆ ಆಡಬಹುದು ಎಂದಾಯಿತು. ಅವನು ಮೊದಲ ಸಲ ಮತ್ತೆ ಕೂತಾಗ ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಪರದೆಯನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದೆ. "ಅಕ್ಕ, ಹಾಗೆ ನೋಡಬೇಡ," ಎಂದ. ನಾನು ಕಣ್ಣು ತೆಗೆಯಲಿಲ್ಲ.

ಗುಂಪಿಗೆ ಅವನೇ ಹೇಳಿದ, ಹಿಂದಿಯಲ್ಲಿ, ಒಂದೇ ಉಸಿರಿಗೆ: ನನಗೆ ಫಿಟ್ಸ್ ಬರುತ್ತದೆ, ರೆಕ್ಕೆ ಇನ್ನಿಲ್ಲ, ನೀವೂ ಮಿಂಚುವಂಥದ್ದು ಹಾಕಬೇಡಿ. ಒಬ್ಬ, ನಿನ್ನ ಪರದೆಯಲ್ಲಿ ಮಾತ್ರ ಬಂದ್ ಮಾಡಿಕೋ, ನಮ್ಮದು ಯಾಕೆ ಹೋಗಬೇಕು ಎಂದ. ಢಾಲ್‌ಭಾಯ್ ಈಗ ಟೈಪ್ ಮಾಡುವುದಿಲ್ಲ, ಮಾತಾಡುತ್ತಾರೆ. "ಇಸ್ ಗ್ರೂಪ್ ಮೇ ಸಬ್ ಸಾದಾ ಕಪಡಾ ಪೆಹನೇಂಗೇ. ಜಿಸಕೋ ನಹೀ ಜಮತಾ, ಜಾಯೇ," ಎಂದರು: ಎಲ್ಲರೂ ಸಾದಾ ಉಡುಪು, ಒಪ್ಪದವರು ಹೋಗಬಹುದು. ತಕರಾರು ತೆಗೆದವನು ಹೋದ. ಒಬ್ಬರು ಕಡಿಮೆಯಾಗಿ ಆ ರಾಕ್ಷಸನನ್ನು ನಾವು ಇನ್ನೂ ಗೆದ್ದಿಲ್ಲ.

ತಮ್ಮ ಬೊರಿವಲಿಗೆ ಮರಳಿದ್ದಾನೆ. ಮುರಿದ ಬಾಗಿಲಿಗೆ ಹೊಸ ಬೀಗ. ಒಂದು ಕೀಲಿ ನನ್ನ ಬಳಿ, ಇನ್ನೊಂದು ಢಾಲ್‌ಭಾಯ್ ಬಳಿ. ತಿಂಗಳಿಗೊಮ್ಮೆ ನಾನು ದಾದರ್ ದಾಟಿ ಅವನ ಮನೆಗೆ ಹೋಗುತ್ತೇನೆ. ಉಳಿದ ಭಾನುವಾರ ಆಟ. ನಡುವೆ ಅವನು, "ಒಂದು ನಿಮಿಷ, ನೀರು ಕುಡಿದು ಬರ್ತೇನೆ," ಎಂದು ಹೇಳಿಯೇ ಏಳುತ್ತಾನೆ. ಅವನು ಮರಳಿ ಕುರ್ಚಿ ಎಳೆದುಕೊಳ್ಳುವ ಸದ್ದು ಬರುವವರೆಗೆ ಉಳಿದ ಆರು ಜನವೂ ನಿಂತಲ್ಲೇ ನಿಂತಿರುತ್ತೇವೆ.