ಮಸೆದು ಕೊಟ್ಟ ಕತ್ತಿ

ಕಾನೂನು ಓದುತ್ತಿದ್ದ ನಾನು ರಜೆಯಲ್ಲಿ ಪುತ್ತೂರಿನಲ್ಲಿ ವಕೀಲರಾಗಿದ್ದ ಸೋದರಮಾವನ ಕಚೇರಿಗೆ ಹೋಗಿ ಕೇಸಿನ ಕಾಗದಗಳನ್ನು ನೋಡುತ್ತಿದ್ದೆ. ಬೆಟ್ಟಂಪಾಡಿಯ ಕೂಲಿಯಾಳೊಬ್ಬ ಬೇಲಿಯ ಜಗಳದಲ್ಲಿ ನೆರೆಯವನ ಭುಜಕ್ಕೆ ಕತ್ತಿಯ ಹಿಂಬದಿಯಿಂದ ಹೊಡೆದಿದ್ದ. ಅಲಗಿನಿಂದ ಹೊಡೆದನೆಂದು ಕೋರ್ಟು ನಂಬಿದರೆ ಅವನಿಗೆ ಜೈಲು.

“ನೀನು ಮೊಂಡು ಕತ್ತಿ ಅಂದೆ. ಪೊಲೀಸರ ಹತ್ತಿರ ಇರುವುದು ಅಷ್ಟು ಹರಿತ ಹೇಗೆ?” ಮಾವ ಅವನನ್ನು ಕೇಳಿದರು.

“ನಾನೇ ಮಸೆದು ಕೊಟ್ಟದ್ದು ವಕೀಲರೇ. ಇನ್ನೊಬ್ಬರ ಕೈಗೆ ಮೊಂಡು ಕತ್ತಿ ಕೊಡುದುಂಟಾ?”

“ಅವರು ಎಂತ, ಸೊಪ್ಪು ಕಡಿಯಲಿಕ್ಕಾ ಕೇಳಿದ್ದು ಮಾರಾಯ!”

ಗಾಯ ಹೇಗಿತ್ತೆಂಬ ಕುತೂಹಲದಿಂದ ನಾನು ಡಾಕ್ಟರ ಚೀಟಿ ಹುಡುಕಿದೆ. ಭುಜ ಊದಿತ್ತು, ಚರ್ಮ ಹರಿದಿರಲಿಲ್ಲ. ಆ ಚೀಟಿಯಿಂದಾಗಿ ಅವನು ದಂಡ ಕಟ್ಟಿ ಪಾರಾದ.

ಕೋರ್ಟಿನಿಂದ ಕತ್ತಿ ಮರಳಿ ಬಂದಾಗ ಅಲಗಿನ ತುಕ್ಕನ್ನು ಮುಟ್ಟಿ ನೋಡಿ ಕೇಳಿದ: “ಇವರೆಂತ, ಮಸೆಯದೆ ಕೊಡುದಾ?”